ಅಳದೆ ಒಳಗೆ ಹೋದವಳು

ದೊಡ್ಡವನಾದ ಮೇಲೆ ನನ್ನ ತಮ್ಮ ಅಳುವುದನ್ನು ನಾನು ಒಂದೇ ಸಲ ನೋಡಿದ್ದೇನೆ. ಅದು ನಮ್ಮ ಅಪ್ಪ ತೀರಿಕೊಂಡ ದಿನ.

ಆಗ ನನ್ನ ಮದುವೆಯಾಗಿ ಬಹಳ ವರ್ಷಗಳಾಗಿರಲಿಲ್ಲ. ಸುದ್ದಿ ಬಂದೊಡನೆ ಉದಗೀರದಲ್ಲಿ ಬಸ್ಸು ಹತ್ತಿದೆ. ನಿಲಂಗಾದಲ್ಲಿ ಇಳಿದು ಇನ್ನೊಂದು, ಉಮರ್ಗಾದಲ್ಲಿ ಮತ್ತೊಂದು. ತವರೂರು ಗುಂಜೋಟಿ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ತಮ್ಮ ಅಂಗಳದಲ್ಲಿ ನಿಂತು ಬಂದವರಿಗೆಲ್ಲ ಕೆಲಸ ಹೇಳುತ್ತಿದ್ದ. ಹೂವು ತಂದರೇ, ವಿಭೂತಿ ಎಲ್ಲಿ, ಕುಣಿ ತೆಗೆಯಲು ಹೋದವರು ಏನು ಮಾಡುತ್ತಿದ್ದಾರೆ. ಮೀಸೆ ಆಗಷ್ಟೇ ಮೂಡುತ್ತಿದ್ದ ಹುಡುಗ, ಮುದುಕನ ಹಾಗೆ ಮಾತಾಡುತ್ತಿದ್ದ. ಕಣ್ಣು ಒಣಗಿದ್ದವು. ನಾನು ಹೊಸ್ತಿಲ ಹೊರಗೆ ನಿಂತು ದನಿ ತೆಗೆದೆ.

"ಪಂಚಮಿಗಿ ಕರಿಲಾಕ ಬರ್ತೀನಂದಿದ್ದಿ ನನ್ನಪ್ಪಾ, ನೀ ಬರಲಿಲ್ಲ, ನಾನೇ ಬಂದೆ ನೋಡೋ ನನ್ನಪ್ಪಾ…"

ಅಷ್ಟೇ ಸಾಕಾಯಿತು. ತಮ್ಮನ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಓಡಿ ಬಂದು ನನ್ನ ಕೊರಳಿಗೆ ಬಿದ್ದು ಕರುವಿನ ಹಾಗೆ ಅತ್ತ. ನನ್ನ ಸೆರಗೆಲ್ಲ ಒದ್ದೆಯಾಯಿತು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಅಪ್ಪನನ್ನು ಎತ್ತುವವರ ಜೊತೆ ತಾನೂ ಹೆಗಲು ಕೊಡಲು ಹೋದ. ಆಮೇಲೆ ಅವನ ಮುಖ ತಿಳಿಯಾಗಿತ್ತು.

ನಮ್ಮವರಲ್ಲಿ ಹೀಗೆ. ನಮ್ಮದು ಅಯ್ಯನೋರ ಮನೆ. ಹಿರಿಯರು ಬೀದರ ಕಡೆಯಿಂದ ಗಡಿ ದಾಟಿ ಗುಂಜೋಟಿಗೆ ಬಂದು ಅಲ್ಲಿಯ ಮನೆಗಳ ಪೂಜೆ ಹಿಡಿದು ನಿಂತವರು. ಮನೆಯೊಳಗೆ ಕನ್ನಡ, ಓಣಿಗೆ ಇಳಿದರೆ ಮರಾಠಿ. ಸಾವಾದ ಮನೆಗೆ ಬರುವ ಹೆಣ್ಣುಮಕ್ಕಳು ಸುಮ್ಮನೆ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲ ಹೊರಗೆ ನಿಂತು ಹಾಡಿ ಅಳುತ್ತಾರೆ. ಹೋದವರು ಏನು ತಿನ್ನುತ್ತಿದ್ದರು, ಯಾರ ಜೊತೆ ಜಗಳಾಡಿದರು, ಯಾರಿಗೆ ಏನು ಮಾತು ಕೊಟ್ಟಿದ್ದರು, ಎಲ್ಲ ಆ ಅಳುವಿನಲ್ಲಿ ಬರಬೇಕು. ಗಂಡಸರು ಮೊದಲು ಅಳುವುದಿಲ್ಲ. ಅಳಬೇಡ ಎಂದು ಅವರಿಗೆ ಯಾರೂ ಹೇಳಿಲ್ಲ, ಆದರೆ ಅವರಿಂದ ಆಗುವುದಿಲ್ಲ. ಅಕ್ಕನೋ ತಂಗಿಯೋ ಬಂದು ದನಿ ತೆಗೆದಾಗ ಅವರ ಎದೆ ಬಿಚ್ಚುತ್ತದೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಮಾತು. ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ನಮ್ಮ ಅವ್ವ ಹೋದಾಗ ತಮ್ಮ ಇನ್ನೂ ಸರಿಯಾಗಿ ನಡೆಯುತ್ತಿರಲಿಲ್ಲ. ಅವ್ವನ ತವರು ಆಳಂದದ ಕಡೆ. ನಾನು ಅಲ್ಲಿದ್ದು ಕನ್ನಡ ಶಾಲೆಗೆ ಹೋಗುತ್ತಿದ್ದೆ. ನಾಲ್ಕನೆಯ ತರಗತಿ ಮುಗಿದ ಮೇಲೆ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದರು. ಆಮೇಲೆ ಪಾಟಿ ಹಿಡಿಯುವ ಕೈಯಲ್ಲಿ ತಮ್ಮನನ್ನು ಹಿಡಿದೆ. ಅವನು ನನಗೆ ತಮ್ಮನೂ ಹೌದು, ಮೊದಲ ಮಗನೂ ಹೌದು.

ಅವನ ಹೆಂಡತಿ ಭಾಲ್ಕಿಯ ಕಡೆಯವಳು. ಕಪ್ಪಗೆ, ಉದ್ದಕ್ಕೆ ಇದ್ದಳು. ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಮಕ್ಕಳಾಗಲಿಲ್ಲ. ಆ ಬಗ್ಗೆ ಯಾರಾದರೂ ಕನಿಕರ ತೋರಿಸಲು ಬಂದರೆ, "ನಮ್ಮ ಅಯ್ಯನೋರನ್ನ ಸಂಭಾಳಿಸೋದೇ ಹತ್ತು ಮಕ್ಕಳ ಹಂಗದ, ಇನ್ನೊಂದು ಎಲ್ಲಿ ಇಟ್ಕೊಳ್ಲಿ?" ಎಂದು ಅವರನ್ನೇ ನಗಿಸಿ ಕಳಿಸುತ್ತಿದ್ದಳು. ಓಣಿಯಲ್ಲಿ ಯಾರಾದರೂ ಸತ್ತರೆ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು. ಅವಳ ಹಾಗೆ ಹಾಡಿ ಅಳುವವರು ಆ ಕಡೆ ಯಾರೂ ಇರಲಿಲ್ಲ. ಕನ್ನಡದವರು ಸತ್ತರೆ ಕನ್ನಡದಲ್ಲಿ, ಮರಾಠಿಯವರು ಸತ್ತರೆ ಮರಾಠಿಯಲ್ಲಿ. ಮರಾಠಿ ಹೆಂಗಸರು ಅವಳ ಸುತ್ತ ಕೂತು ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದರು. ಬಾಜು ಮನೆಯ ಮುದುಕಿ, ಮೋರಿ ನೀರಿಗಾಗಿ ಇವಳ ಜೊತೆ ದಿನವೂ ಜಗಳಕ್ಕೆ ನಿಲ್ಲುತ್ತಿದ್ದವಳು, ಒಂದು ದಿನ ತೀರಿಕೊಂಡಾಗ ಇವಳು ಅತ್ತದ್ದು ನನಗೆ ಈಗಲೂ ನೆನಪಿದೆ.

"ನಾಳಿಂದ ನಾ ಯಾರ ಕೂಡ ಜಗಳಾಡ್ಲೇ ನನ್ನವ್ವಾ, ಮೋರಿ ನೀರು ತಾನೇ ಹರಕೋತ ಹೋಗ್ತಾವ, ಬೈಯೋರಿಲ್ಲ ನನ್ನವ್ವಾ…"

ಅಳುತ್ತಿದ್ದವರು ನಕ್ಕರು, ನಕ್ಕು ಮತ್ತೆ ಅತ್ತರು. ಮುದುಕಿಯ ಮಗ, ಊರಿಗೆಲ್ಲ ಕಠಿಣ ಮನುಷ್ಯ, ಕಂಬಕ್ಕೆ ತಲೆ ಇಟ್ಟು ಬಿಕ್ಕಿದ.

ಆ ದಿನ ಸಂಜೆ ಅವಳು ಬಾವಿಯ ಹತ್ತಿರ ಮುಖ ತೊಳೆಯುತ್ತ ನನಗೆ ಹೇಳಿದಳು: "ಅಕ್ಕಾ, ಎಲ್ಲರಿಗೂ ನಾ ಅಳ್ತೀನಿ. ನಾ ಸತ್ರ ನನಗ್ಯಾರು ಅಳೋರು?"

"ಹುಚ್ಚಿ ಇದ್ದೀ ಏನು? ನಿನ್ನಕಿಂತ ದೊಡ್ಡಾಕಿ ನಾ ಇದ್ದೀನಲ್ಲ."

"ಮತ್ತ ನೀವೇ ಅಳಬೇಕ್ರಿ. ನೀವು ಉದಗೀರಲಿಂದ ಬರೋತನ ನಾ ಕುಂತೇ ಇರ್ತೀನಿ ನೋಡ್ರಿ, ಮಲಗೋದಿಲ್ಲ."

ನಮ್ಮವರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಅದಕ್ಕೇ ಆ ಮಾತು ಹೇಳಿ ಅವಳು ತಾನೇ ನಕ್ಕಳು. ನಾನೂ ನಕ್ಕೆ.

ಉದಗೀರದಲ್ಲಿ ನಮ್ಮ ಮನೆ ಕಾಲನಿಯಲ್ಲಿದೆ. ನನ್ನ ಗಂಡನ ಮನೆಯವರು ನಮ್ಮವರೇ ಆದರೂ ಮನೆಮಾತು ಮರಾಠಿ. ಮದುವೆಯಾಗಿ ಬಂದಾಗ ನನ್ನ ದನಿ ಕೇಳಿ ಎಲ್ಲರೂ ಬೆಚ್ಚುತ್ತಿದ್ದರು. ಗೇಟಿನಲ್ಲಿ ನಿಂತು ಮಾಳಿಗೆಯ ಮೇಲಿನವರನ್ನು ಕೂಗುತ್ತಿದ್ದೆ. ಯಾರೂ ಬೈಯಲಿಲ್ಲ, ಇದನ್ನು ಹೇಳಲೇಬೇಕು. ಬರೀ ತಾವು ಇನ್ನಷ್ಟು ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗಾದಷ್ಟೂ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸತೊಡಗಿತು. ವರ್ಷಗಳು ಹೋದ ಹಾಗೆ ನಾನೂ ಮೆಲ್ಲಗಾದೆ. ಗಂಡ ತೀರಿಕೊಂಡಾಗ ನಾನು ಅತ್ತದ್ದು ಅಡುಗೆಮನೆಯವರೆಗೂ ಕೇಳಿಸಲಿಲ್ಲ ಎಂದು ಬಂದವರು ಹೊಗಳಿದರು. ಎಂಥ ಗಟ್ಟಿ ಹೆಂಗಸು ಎಂದರು.

ತಮ್ಮನ ಹೆಂಡತಿ ಒಮ್ಮೆ ಬಂದು ನಮ್ಮಲ್ಲಿ ಉಳಿದಿದ್ದಳು. ನನ್ನ ಮಗನ ಮದುವೆಯಾಗಿ ಹೊಸ ಸೊಸೆ ಬಂದಿದ್ದ ಕಾಲ. ಸೊಸೆ ನಿಲಂಗಾದವಳು, ಬ್ಯಾಂಕಿನಲ್ಲಿ ಕೆಲಸ. ಮಧ್ಯಾಹ್ನ ಅವಳು ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇವಳು ಹೊರಗೆ ಯಾವುದೋ ಮಾತಿಗೆ ಮೊದಲಿನ ಹಾಗೆ ನಕ್ಕಳು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ನಾನು, "ಹಳೂ ಮಾತಾಡ ಬೇ, ಇದೇನು ಗುಂಜೋಟಿ ಬಾವಿಕಟ್ಟಿ ಅಲ್ಲ" ಎಂದೆ. ಮೆಲ್ಲಗೆ ಮಾತಾಡು ಎಂಬುದನ್ನು ನಗುತ್ತಲೇ ಅಂದೆ, ಆದರೆ ಸೊಸೆ ಕೇಳಲಿ ಎಂದು ಅಂದೆ.

ಅವಳು ಬಾಯಿ ಮುಚ್ಚಿಕೊಂಡಳು. ಮತ್ತೆ ಉದಗೀರಕ್ಕೆ ಬರಲಿಲ್ಲ. ಫೋನು ಮಾತ್ರ ಮಾಡುತ್ತಿದ್ದಳು. ಪಿಸುಪಿಸು ದನಿಯಲ್ಲಿ, "ಅಕ್ಕಾ, ಹಳೂ ಮಾತಾಡ್ಲತ್ತೀನಿ, ಕೇಳ್ಸಲತ್ತದೇನ್ರಿ? ಎದುರಮನಿ ಕಿಟಕಿ ಮುಚ್ಚ್ಯಾದಿಲ್ಲೋ?" ಎನ್ನುತ್ತಿದ್ದಳು. ಹಿಂದೆ ತಮ್ಮ ನಗುವುದು ಕೇಳಿಸುತ್ತಿತ್ತು. ಅದು ಚೇಷ್ಟೆ ಎಂದೇ ನಾನು ತಿಳಿದಿದ್ದೆ. ಚೇಷ್ಟೆಯೇ ಇರಬಹುದು. ಈಗ ಕೇಳಲು ಅವಳಿಲ್ಲ.

ಆಮೇಲೆ ನಿಲಂಗಾದಲ್ಲಿ ಸೊಸೆಯ ತಂದೆ ತೀರಿಕೊಂಡರು. ಒಳ್ಳೆಯ ಮನುಷ್ಯ, ನನ್ನನ್ನು ಅಕ್ಕನ ಹಾಗೆ ಕಾಣುತ್ತಿದ್ದರು. ನಾವು ಹೋದಾಗ ಹಾಲಿನಲ್ಲಿ ಬಿಳಿ ಚಾದರ ಹಾಸಿ ಎಲ್ಲರೂ ಸುಮ್ಮನೆ ಕೂತಿದ್ದರು. ಮೂಲೆಯಲ್ಲಿ ನಾಲ್ಕಾರು ಮುದುಕರು ತಾಳ ಹಿಡಿದು ಮೆಲ್ಲಗೆ ಭಜನೆ ಹೇಳುತ್ತಿದ್ದರು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಆ ದಿನ ಯಾಕೆ ಹೊರಗೆ ಬಂತೋ ತಿಳಿಯದು. ಬಾಗಿಲಿಗೆ ಬರುತ್ತಲೇ ನನ್ನ ಬಾಯಿಂದ ದನಿ ಹೊರಟಿತು, ಅದೂ ಕನ್ನಡದಲ್ಲಿ. "ಬಂದ್ರೇನ್ರಿ ಅಂತ ಗೇಟಿನತನ ಬರ್ತಿದ್ರಲ್ಲೋ ಬೀಗರ, ಇವತ್ತು ಯಾಕ ಏಳವಲ್ರಿ…"

ಭಜನೆ ನಿಂತುಹೋಯಿತು. ಒಂದು ಕೂಸು ಹೆದರಿ ಚೀರಿತು. ಇಬ್ಬರು ಹೆಂಗಸರು ಓಡಿ ಬಂದು ನನ್ನನ್ನು ಒಳಕೋಣೆಗೆ ಕರೆದೊಯ್ದು ಫ್ಯಾನು ಹಾಕಿದರು, ನೀರು ಕುಡಿಸಿದರು. ಬಿಪಿ ಏರಿದೆ ಎಂದು ಅಂದುಕೊಂಡರು. ನನಗೆ ಬಿಪಿ ಇಲ್ಲ. ಕಿಟಕಿಯಿಂದ ನೋಡಿದರೆ ಸೊಸೆ ತಂದೆಯ ಕಾಲ ಹತ್ತಿರ ಅಲುಗಾಡದೆ ಕೂತಿದ್ದಳು. ಇವಳ ಎದೆ ಕಲ್ಲು ಎಂದು ನಾನು ಅಂದುಕೊಂಡೆ.

ಎಷ್ಟು ತಪ್ಪು ತಿಳಿದಿದ್ದೆ! ಒಂದು ಸಂಜೆ ಅವಳು ಹಿಟ್ಟು ನಾದುತ್ತಿದ್ದಳು. ನಾನು ಹಿಂದಿನಿಂದ ಹೋದೆ. ಕಣ್ಣೀರು ನೇರ ಪರಾತಿನಲ್ಲಿ ಬೀಳುತ್ತಿತ್ತು, ಕೈ ಮಾತ್ರ ನಿಲ್ಲಿಸಿರಲಿಲ್ಲ. ನನ್ನನ್ನು ಕಂಡೊಡನೆ ತೋಳಿನಿಂದ ಮುಖ ಒರೆಸಿಕೊಂಡು, "ಆಯೀ, ಚಹಾ ಇಡಲೇ?" ಎಂದು ಮರಾಠಿಯಲ್ಲಿ ಕೇಳಿದಳು. ಇಡು ಎಂದೆ. ಅವರಲ್ಲಿ ದುಃಖ ಎಂದರೆ ಮೈಯ ಹಾಗೆ, ಮುಚ್ಚಿಕೊಳ್ಳುವಂಥದ್ದು. ಕಂಡವರು ಕಾಣದ ಹಾಗೆ ಮುಖ ತಿರುಗಿಸುವುದೇ ಮರ್ಯಾದೆ. ನಮ್ಮಲ್ಲಿ ಅದು ಅನ್ನದ ಹಾಗೆ, ಎಲ್ಲರ ಮುಂದೆ ಇಟ್ಟು ಹಂಚಿಕೊಳ್ಳುವಂಥದ್ದು. ಎರಡೂ ಸರಿಯೇ. ಆದರೆ ನಾನು ಬೀಗರ ಮನೆಯಲ್ಲಿ ಮಾನ ಕಳೆದುಕೊಂಡೆ ಎಂಬ ನಾಚಿಕೆ ಹೋಗಲಿಲ್ಲ. ನಿಲಂಗಾದಿಂದ ಮರಳುವಾಗ ಕಾರಿನಲ್ಲಿ ನಾನೇ ಸೊಸೆಗೆ ಹೇಳಿದ್ದೆ, ಇನ್ನೊಮ್ಮೆ ಎಲ್ಲಾದರೂ ನಾನು ಹೀಗೆ ಮಾಡಹೋದರೆ ನನ್ನ ಕೈ ಹಿಡಿ ಎಂದು.

ಆ ನಾಚಿಕೆ ಇನ್ನೂ ಹಸಿಯಾಗಿದ್ದಾಗಲೇ ಗುಂಜೋಟಿಯಿಂದ ಫೋನು ಬಂತು. ತಮ್ಮನ ಹೆಂಡತಿಗೆ ಎದೆನೋವು ಬಂದಿತ್ತು, ಉಮರ್ಗಾದ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋದಳು.

ಮಗನ ಕಾರಿನಲ್ಲಿ ಹೊರಟೆವು. ಸೊಸೆ ಬಂದಳು, ದಾರಿಯಲ್ಲಿ ನಿಲಂಗಾದಲ್ಲಿ ಸೊಸೆಯ ತಾಯಿಯೂ ಹತ್ತಿದರು. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಮೊದಲ ಸಾಲು ಸಿದ್ಧವಾಗಿತ್ತು. ಹುಡುಕಿದ್ದಲ್ಲ, ತಾನಾಗಿ ಬಂದದ್ದು. 'ಕುಂತೇ ಇರ್ತೀನಂದಿದ್ದಿ, ಕುಂತೇ ಇದ್ದೀಯಲ್ಲೇ ನನ್ನವ್ವಾ.'

ಅಂಗಳದ ತುಂಬ ಜನ. ನಾನು ಕಾರಿನಿಂದ ಇಳಿದದ್ದನ್ನು ನೋಡಿ ಬಾಗಿಲ ಬಳಿ ಕೂತಿದ್ದ ಒಬ್ಬ ಮುದುಕಿ, "ಬಂದಳು ನೋಡ್ರಿ ಅಕ್ಕ. ಹಾದಿ ಬಿಡ್ರಿ, ಸುಮ್ಮಕಾಗ್ರಿ" ಎಂದಳು. ಎಲ್ಲರೂ ಸುಮ್ಮನಾದರು. ಮೊದಲ ದನಿ ನನ್ನದೇ ಎಂದು ಅವರು ಕಾದಿದ್ದರು. ಹೊಸ್ತಿಲ ಹೊರಗೆ ನಿಂತೆ. ಒಳಗೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಹಸಿರು ಸೀರೆ. ಬಾಯಿ ಮುಚ್ಚಿತ್ತು. ಪಕ್ಕದಲ್ಲಿ ತಮ್ಮ. ನನ್ನನ್ನು ನೋಡಿ ಅರ್ಧ ಎದ್ದ. ಕೆಳತುಟಿ ನಡುಗುತ್ತಿತ್ತು, ಅಪ್ಪನ ದಿನ ಹೇಗೆ ನಡುಗಿತ್ತೋ ಹಾಗೆ.

ನಾನು ಬಾಯಿ ತೆರೆದೆ. ಸೊಸೆ ಮೊಣಕೈ ಮುಟ್ಟಿ, "ಆಯೀ, ಸಾವಕಾಶ" ಎಂದಳು.

ಅವಳು ಹಿಡಿಯಲಿಲ್ಲ, ಮುಟ್ಟಿದಳು ಅಷ್ಟೇ. ಒಂದು ಎಲೆ ಬಿದ್ದಷ್ಟು ಭಾರವೂ ಇರಲಿಲ್ಲ. ಅದೂ ನಾನೇ ಕೇಳಿಕೊಂಡದ್ದಕ್ಕೆ. ನಾನು ತಿರುಗಿ ನೋಡಿದೆ. ಸೊಸೆಯ ತಾಯಿ ಕಾರಿನ ಹತ್ತಿರ ಕರ್ಚೀಫು ಹಿಡಿದು ನಿಂತಿದ್ದರು. ಮಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈಕಟ್ಟಿ ನಿಂತಿದ್ದ. ಆ ಕ್ಷಣ ನಾನು ಅವರ ಕಣ್ಣಿನಿಂದ ನನ್ನನ್ನೇ ನೋಡಿಕೊಂಡೆ. ಕೂದಲು ಕೆದರಿ, ಬಾಯಿ ತೆರೆದು ಕೂಗುವ ಹಳ್ಳಿಯ ಮುದುಕಿ. ನಿಲಂಗಾದ ಆ ಫ್ಯಾನು, ಆ ನೀರಿನ ಲೋಟ ನೆನಪಾದವು.

ಬಾಯಿ ಮುಚ್ಚಿದೆ. ಕೈ ಮುಗಿದೆ. ಸೆರಗು ಸರಿಮಾಡಿಕೊಂಡು, ಅಳದೆ ಒಳಗೆ ಹೋಗಿ ಅವಳ ಕಾಲು ಮುಟ್ಟಿ ಒಂದು ಬದಿಗೆ ಕೂತೆ.

ತಮ್ಮ ಅರ್ಧ ಎದ್ದವನು ಹಾಗೆಯೇ ಸ್ವಲ್ಪ ಹೊತ್ತು ಇದ್ದ. ಏಳಬೇಕೋ ಕೂರಬೇಕೋ ತಿಳಿಯದವನ ಹಾಗೆ. ಆಮೇಲೆ ಕೂತ. ಹೆಂಡತಿಯ ಭುಜದಿಂದ ಜಾರಿದ ಸೆರಗನ್ನು ಸರಿಮಾಡಿದ. ಯಾರಿಗೋ, "ಅಕ್ಕಾರಿಗಿ ನೀರು ಕೊಡ್ರಿ" ಎಂದ.

ಹಿಂದೆ ಒಬ್ಬಳು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಉದಗೀರದಾಕಿ ಆಗ್ಯಾಳ ಬಿಡ್ರಿ. ಅಲ್ಲಿ ನಲ್ಲಿ ನೀರು ಕುಡ್ದು ಕಣ್ಣಾಗಿನ ನೀರು ಒಣಗ್ಯಾವ."

"ಏ, ಸುಮ್ನಿರು. ಕೇಳ್ಸತದ."

"ಕೇಳ್ಸಲಿ ಅಂತೇ ಅಂದೆ."

ಕೊನೆಗೆ ಬಾಗಿಲ ಬಳಿಯ ಮುದುಕಿಯೇ ದನಿ ತೆಗೆದಳು. ಅವಳಿಗೆ ಬರುವುದು ಒಂದೇ ಹಾಡು, ಯಾರು ಸತ್ತರೂ ಅದೇ. ಮನೆಗೆ ದೀಪ ಆಗಿದ್ದಿ, ಓಣಿಗೆ ನೆರಳಾಗಿದ್ದಿ. ಊರಿನ ಒಬ್ಬೊಬ್ಬರಿಗೂ ಅವರವರ ಬದುಕನ್ನೇ ಹಾಡಿ ಕಳಿಸಿದವಳಿಗೆ ಯಾರಿಗಾದರೂ ಹೊಂದುವ ಹಾಡು ಸಿಕ್ಕಿತು. ಸಂಜೆ ಮಣ್ಣು ಕೊಟ್ಟು ಬಂದೆವು. ತಮ್ಮ ತಾನೇ ಮಂತ್ರ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ.

ಅಂದಿನಿಂದ ಅವನು ನನಗೆ ರೀ ಹಚ್ಚಿ ಮಾತಾಡತೊಡಗಿದ. ಫೋನು ಮಾಡಿದರೆ, "ಹೇಳ್ರಿ ಅಕ್ಕಾರ. ಆರಾಮ ಅದೀನ್ರಿ. ನೀವು ಆರಾಮ ಅದೀರೇನ್ರಿ?" ಎನ್ನುತ್ತಿದ್ದ. ಊರಿನ ಯಾವ ಹೆಂಗಸಿಗಾದರೂ ಹೇಳುವ ಹಾಗೆ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವನು ನನ್ನ ಮೇಲೆ ಸಿಟ್ಟಾದರೆ ನನ್ನ ಜಡೆ ಹಿಡಿದು ಎಳೆಯುತ್ತಿದ್ದ. ಮರ್ಯಾದೆಗೆ ಏನು ಉತ್ತರ ಕೊಡಲಿ?

ಕಾಲನಿಯಲ್ಲಿ ಮಧ್ಯಾಹ್ನಗಳು ಉದ್ದ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ. ಕನ್ನಡ ಮಾತಾಡಲು ಯಾರೂ ಇಲ್ಲ. ತಮ್ಮನ ಹೆಂಡತಿ ಇದ್ದಾಗ ಅವಳ ಫೋನೇ ನನ್ನ ಕನ್ನಡವಾಗಿತ್ತು ಎಂದು ಆಗ ತಿಳಿಯಿತು. ಕೆಲವು ಸಲ ಪಾತ್ರೆ ತೊಳೆಯುವಾಗ ಅವಳ ಬಗ್ಗೆ ಸಾಲುಗಳು ಬರುತ್ತಿದ್ದವು. ನಲ್ಲಿ ಜೋರಾಗಿ ಬಿಟ್ಟು ಆ ಸದ್ದಿನಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಸೊಸೆ ಅದನ್ನು ಕೇಳಿಸಿಕೊಂಡಳು. ಅವರ ರೀತಿಯಂತೆ ಕೇಳದವಳ ಹಾಗೆ ಹೋಗುತ್ತಿದ್ದಳು, ನಾನೇ ಕರೆದು ಕೂರಿಸಿಕೊಂಡು ಎಲ್ಲ ಹೇಳಿದೆ. ಹೊಸ್ತಿಲು, ಮೊದಲ ದನಿ, ತಮ್ಮ ಅರ್ಧ ಎದ್ದದ್ದು. ಅವಳ ಮುಖ ಬಿಳುಪಾಯಿತು. ನನಗೆ ಗೊತ್ತಿರಲಿಲ್ಲ ಆಯೀ, ಎಂದಳು. ನಿನ್ನದೇನೂ ತಪ್ಪಿಲ್ಲ ಎಂದೆ. ಅವಳು, "ಮಗ ಆತಾ ಜಾ ನಾ" ಎಂದಳು. ಅಂದರೆ, ಹಾಗಾದರೆ ಈಗ ಹೋಗಿ. ಈಗ ಅತ್ತು ಬನ್ನಿ.

ಅವಳ ಲೆಕ್ಕದಲ್ಲಿ ಹೇಳದೆ ಉಳಿದ ಮಾತನ್ನು ಯಾವಾಗಲಾದರೂ ಹೋಗಿ ಹೇಳಬಹುದು. ನಮ್ಮಲ್ಲಿ ಕೆಲವು ಮಾತಿಗೆ ಅದರದೇ ಹೊತ್ತು ಇರುತ್ತದೆ. ಇದನ್ನು ಅವಳಿಗೆ ಹೇಗೆ ತಿಳಿಸಲಿ? ಆದರೂ ಅವಳು ಹೇಳಿದ್ದು ನನಗೆ ಆಸೆ ಹುಟ್ಟಿಸಿತು. ಅವಳೇ ಬುತ್ತಿ ಕಟ್ಟಿಕೊಟ್ಟಳು. ತಮ್ಮನಿಗೆ ಹೇಳದೆ, ಒಬ್ಬಳೇ ಬಸ್ಸು ಹತ್ತಿದೆ.

ಗುಂಜೋಟಿಯಲ್ಲಿ ಇಳಿದು ಓಣಿಗೆ ಹೋದಾಗ ಹೆಂಗಸರು ಕಟ್ಟೆಯ ಮೇಲೆ ಸೋಯಾಬೀನು ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಸುಮ್ಮನಾದರು. ತಮ್ಮನ ಬಾಗಿಲು ಮುಂದಕ್ಕೆ ಎಳೆದಿತ್ತು, ಬೀಗವಿರಲಿಲ್ಲ. ಒಳಗಿದ್ದಾನೆ ಎಂದು ತಿಳಿದೆ. ಹೊಸ್ತಿಲ ಹೊರಗೆ ನಿಂತೆ. ಈ ಸಲ ನನ್ನ ಮೊಣಕೈ ಮುಟ್ಟಲು ಯಾರೂ ಇರಲಿಲ್ಲ.

"ಹಳೂ ಮಾತಾಡಂತ ಹೇಳಿದೆನಲ್ಲೇ ನನ್ನವ್ವಾ, ಎಷ್ಟು ಹಳೂ ಆದಿ ನೋಡೇ ನನ್ನವ್ವಾ. ಎದುರಮನಿ ಕಿಟಕಿ ತೆರದ್ಹಾಕ್ತೀನಿ, ಒಮ್ಮಿ ನಗೇ ನನ್ನವ್ವಾ. ಕುಂತೇ ಇರ್ತೀನಂದಾಕಿ ಕುಂತೇ ಇದ್ದಿ, ನಿಂತಾಕಿ ನಾ ಮೂಕಿ ಆದೆ ನನ್ನವ್ವಾ…"

ದನಿ ಎಲ್ಲಿಂದ ಬಂತೋ. ಇಷ್ಟು ವರ್ಷದ ಉದಗೀರ ಅದರ ಮೇಲೆ ಕೂತಿತ್ತು, ಎಲ್ಲ ಹಾರಿಹೋಯಿತು. ಅವಳ ನಗು, ಅವಳ ಜಗಳ, ನಾನು ಅಂದ ಮಾತು, ಎಲ್ಲವನ್ನೂ ಓಣಿಯ ನಡುವೆ ಇಟ್ಟೆ. ಹೆಂಗಸರು ಮೊರ ಇಟ್ಟು ಬಂದರು. ಅಂದು ನನ್ನನ್ನು ಚುಚ್ಚಿದವಳೇ ನನ್ನ ಕೈ ಹಿಡಿದು ಅತ್ತಳು. ಆದರೆ ಬಾಗಿಲು ತೆರೆಯಲಿಲ್ಲ. ದನಿ ಮುಗಿದ ಮೇಲೆ ಅವಳೇ ಹೇಳಿದಳು, "ಅಯ್ಯನೋರು ಮನ್ಯಾಗಿಲ್ರೀ ಅಕ್ಕಾ. ತುರೋರಿಗಿ ಹೋಗ್ಯಾರ, ಯಾರದೋ ಅಂಗಡಿ ಪೂಜಿ ಅದ."

ಅವನು ಬರುವ ಹೊತ್ತಿಗೆ ಹೆಂಗಸರು ನನ್ನ ಮುಖ ತೊಳೆಸಿ ಚಹಾ ಕೊಟ್ಟಿದ್ದರು. ಮೋಟರ್‌ಸೈಕಲ್ ನಿಲ್ಲಿಸಿ, ತೆಂಗಿನಕಾಯಿಯ ಚೀಲ ಕೈಯಲ್ಲಿ ಹಿಡಿದು ನಿಂತ. "ಬಂದ್ರೇನ್ರಿ ಅಕ್ಕಾರ? ಫೋನು ಮಾಡಿ ಬರಬಾರದಾ?"

ಒಬ್ಬಳು ಅಂದಳು, "ನಿಮ್ಮಕ್ಕ ಏನು ಅತ್ತಳ್ರಿ ಅಯ್ಯನೋರ! ನಿಮ್ಮ ಮನಿಯಾಕಿ ಎದ್ದು ಬಂದಂಗ ಆತು."

"ಹೌದೇನ್ರಿ?" ಎಂದು ಅವನು ಕಾಲು ತೊಳೆಯಲು ಹಿತ್ತಲಿಗೆ ಹೋದ.

ನಾನು ಪುಂಡಿ ಪಲ್ಯ ಮಾಡಿದೆ. ಬಾಜು ಮನೆಯವರು ರೊಟ್ಟಿ ಕೊಟ್ಟರು. ಎದುರುಬದುರು ಕೂತು ಉಂಡೆವು. ಮನೆ ಸ್ವಚ್ಛವಾಗಿತ್ತು, ಅಷ್ಟು ಸ್ವಚ್ಛ ಅವಳಿದ್ದಾಗ ಎಂದೂ ಇರಲಿಲ್ಲ.

"ನೀ ಅತ್ತೀ ಏನೋ?" ಎಂದು ಕೇಳಿದೆ.

"ಯಾವಾಗ?"

"ಯಾವಾಗರೆ."

ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ. ಎಡಗೈಯಿಂದ ಗಂಟಲು ಮುಟ್ಟಿ ತೋರಿಸಿದ. "ಆ ದಿನ ಇಲ್ಲಿತನ ಬಂದಿತ್ತು. ನೀವು ಬಾಗಲಾಗ ನಿಂತಿದ್ರಿ, ನಾ ಎದ್ದೆ. ಆಮ್ಯಾಲ ಅದು ಎಲ್ಲಿ ಹೋತೋ ತಿಳಿವಲ್ದು. ಕುಣಿ ಹತ್ತಿರ ಹೋಗಿ ಕುಂತೆ, ಬರಲಿಲ್ಲ. ಆಕಿ ಸೀರಿ ಮಡಚಿಟ್ಟೆ, ಆಗೂ ಬರಲಿಲ್ಲ. ಮಂದಿ ಮನ್ಯಾಗ ಸಾವಿನ ಪೂಜಿಗಿ ಹೋಗ್ತೀನಿ, ಅವರು ಅಳೋದು ನೋಡಿ ನನಗ ಹೊಟ್ಟಿಕಿಚ್ಚು ಆಗ್ತದ."

"ಈಗ ಅಳ್ಲೇನೋ ತಮ್ಮಾ? ಹೊರಗ ಹೋಗಿ ನಿಂದರ್ಲೇನು?"

ಚಹಾ ಇಡಲೇ ಎಂದು ಕೇಳುವವಳ ಹಾಗೆ ಕೇಳಿಬಿಟ್ಟೆ. ಅವನು ಸಣ್ಣಗೆ ನಕ್ಕ. "ಅದು ಹೇಳಿ ಮಾಡಿಸೋದೇನ್ರಿ? ಉಣ್ರಿ. ನಿಲಂಗಾ ಗಾಡಿ ತಪ್ಪತದ."

ಆದರೂ ನಾನು ಎದ್ದೆ. ಎಂಜಲು ಕೈಯಲ್ಲೇ ಹೊರಗೆ ಹೋಗಿ ಹೊಸ್ತಿಲ ಆಚೆ ನಿಂತೆ. ಓಣಿ ಖಾಲಿಯಾಗಿತ್ತು. ಬಾಯಿ ತೆರೆದೆ. ಮಧ್ಯಾಹ್ನ ಅತ್ತ ಸಾಲುಗಳೆಲ್ಲ ನೆನಪಿದ್ದವು, ಬರೀ ನೆನಪಿದ್ದವು. ಒಂದು ಸಾಲು ಹೇಳಿದೆ. ಪಾಠ ಒಪ್ಪಿಸಿದ ಹಾಗಾಯಿತು. ನಿಲ್ಲಿಸಿದೆ. ಇದ್ದದ್ದನ್ನೆಲ್ಲ ಬೇರೆಯವರ ಮುಂದೆ ಕೊಟ್ಟು ಬರಿದಾಗಿದ್ದೆ.

ನಾನು ಮರೆಯಲಾರದ್ದು ಇದು: ಅವನು ಎದ್ದು ಬಂದಿದ್ದ. ಬೇಡ ಎಂದವನು ಬಾಗಿಲ ಒಳಗೆ ಬಂದು ನಿಂತು, ಮುಖ ಎತ್ತಿ, ನನ್ನ ಬಾಯಿಯನ್ನೇ ನೋಡುತ್ತ ಕಾದಿದ್ದ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅವನಿಗೆ ಈಗ ಐವತ್ತು ದಾಟಿದೆ, ಗಡ್ಡ ಬೆಳ್ಳಗಾಗಿದೆ. ಚಿಕ್ಕಂದಿನಲ್ಲಿ ಎತ್ತಿಕೋ ಎಂದು ನನ್ನ ಮುಂದೆ ನಿಲ್ಲುತ್ತಿದ್ದಾಗ ಹೇಗೆ ನೋಡುತ್ತಿದ್ದನೋ ಹಾಗೇ ನೋಡುತ್ತಿದ್ದ.

ಆಮೇಲೆ ಅವನೇ, "ಬರ್ರಿ, ಕೈ ತೊಳಕೋರಿ" ಎಂದು ತಂಬಿಗೆಯಿಂದ ನನ್ನ ಕೈಗೆ ನೀರು ಹಾಕಿದ.

ಮೋಟರ್‌ಸೈಕಲ್ ಮೇಲೆ ಉಮರ್ಗಾಕ್ಕೆ ಬಿಟ್ಟ. ದಾರಿಯಲ್ಲಿ ಗಾಳಿ ಬಹಳ ಇತ್ತು. ನಿಲ್ದಾಣದಲ್ಲಿ ಗದ್ದಲದೊಳಗೆ ನುಗ್ಗಿ ಕಿಟಕಿಯಿಂದ ಚೀಲ ಹಾಕಿ ನನಗೆ ಸೀಟು ಹಿಡಿದ. ಕೆಳಗೆ ನಿಂತು, ಮುಟ್ಟಿದ ಮೇಲೆ ಫೋನು ಮಾಡ್ರಿ ಎಂದ. ಬಸ್ಸು ಹೊರಟಾಗ ಕೈ ಎತ್ತಿದ.

ಪಕ್ಕದಲ್ಲಿ ಕೂತ ಹೆಂಗಸು ಮರಾಠಿಯಲ್ಲಿ, ಯಾರು, ನಿಮ್ಮ ಭಾವನೇ ಎಂದು ಕೇಳಿದಳು. ಭಾವ ಎಂದರೆ ಅವರಲ್ಲಿ ಒಡಹುಟ್ಟಿದವನು, ಭಾವಜೈ ಅವನ ಹೆಂಡತಿ. ಹೌದು ಎಂದೆ. ಮನೆಯವರು ಚೆನ್ನಾಗಿ ನೋಡಿಕೊಂಡರೇ, ಭಾವಜೈ ಹೇಗಿದ್ದಾಳೆ ಎಂದಳು. ಹೋದಳು ಎಂದೆ. ಅವಳು "ಅರೆರೆ" ಎಂದು ನಾಲಗೆ ಕಚ್ಚಿಕೊಂಡಳು. ನನಗೆ ನೋವಾಗಬಾರದೆಂದು ಮುಖ ಆಚೆ ತಿರುಗಿಸಿ, ಇನ್ನೇನೂ ಕೇಳದೆ ಸುಮ್ಮನೆ ಕೂತಳು. ಒಳ್ಳೆಯ ಹೆಂಗಸು. ಅವಳು ಇನ್ನೊಂದು ಮಾತು ಕೇಳಲಿ ಎಂದು ನಾನು ನಿಲಂಗಾ ಬರುವವರೆಗೂ ಕಾಯುತ್ತ ಕೂತಿದ್ದೆ.